ಬೇಸಿಕ್ 15,000 ದಾಟಿದ್ರೆ ಪಿಎಫ್ ಇಲ್ವಾ? - ಪ್ರತಿಕ್ರಿಯೆ

ನಿಮ್ಮ ತಮ್ಮ ಶಿವಮೊಗ್ಗ ಹತ್ರ ಮಾಚೇನಹಳ್ಳಿ ಕಡೆ ಮ್ಯಾನೇಜರ್ ಆಗಿ ಸೇರಿದಾರೆ, ಬೇಸಿಕ್ (ಭತ್ಯೆ ಬಿಟ್ಟು ಮೂಲ ಸಂಬಳ) ತಿಂಗ್ಳಿಗೆ 42,000, "15,000 ಮೇಲಿರೋರಿಗೆ ಪಿಎಫ್ ಬರಲ್ಲ" ಅಂತ ಎಚ್‌ಆರ್‌ನವ್ರು ಹೇಳಿದ್ರು, ಇದು ಸರಿನಾ ಅಂತ ಕೇಳಿದ್ರಿ. ಅರ್ಧ ಮಾತ್ರ ಸರಿ ಮಾರಾಯ್ರೆ. ಆ ಮಾತು ಜೀವನದಲ್ಲಿ ಮೊದಲನೇ ಸಲ ಪಿಎಫ್‌ಗೆ ಬರೋರಿಗೆ, ಅವ್ರಿಗೂ ಕಂಪನಿ ಒಪ್ಪಿದ್ರೆ ಇಬ್ರೂ ಸೇರಿ ಅರ್ಜಿ ಕೊಟ್ಟು ಸೇರ್ಕೋಬಹುದು. ಆದ್ರೆ ನಿಮ್ಮ ತಮ್ಮ 2012ರಿಂದ ಬೆಂಗಳೂರಲ್ಲಿ ಪಿಎಫ್ ಕಟ್ತಿದ್ರು, ದುಡ್ಡು ಇನ್ನೂ ತೆಗ್ದಿಲ್ಲ ಅಂತ ನೀವೇ ಬರ್ದಿದೀರಿ, ಹಂಗಿದ್ಮೇಲೆ ಅವ್ರು ಈಗಾಗ್ಲೇ ಮೆಂಬರ್, ಸಂಬಳ ಎಷ್ಟೇ ಇರ್ಲಿ ಹೊಸ ಕಂಪನಿ ಮುಂದುವರಿಸ್ಲೇಬೇಕು.

ಎಲ್ಲಾ ನಿಂತಿರೋದು ಫಾರ್ಮ್ 11 ಮೇಲೆ, ಅಂದ್ರೆ ಕೆಲಸಕ್ಕೆ ಸೇರೋವಾಗ ಹಿಂದಿನ ಪಿಎಫ್ ವಿವರ ಬರ್ದು ಕೊಡೋ ಫಾರ್ಮ್. ನಾನು ಇಲ್ಲೇ ಒಂದು ಫೌಂಡ್ರಿಗೆ ಸೇರಿದ ದಿನ ಇಪ್ಪತ್ತು ಪೇಪರ್ ಒಟ್ಟಿಗೆ ಮುಂದಿಟ್ರು, ಹಿಂದೆ ಪಿಎಫ್ ಮೆಂಬರ್ ಆಗಿದ್ರಾ ಅನ್ನೋ ಕಡೆ ಅವ್ರೇ ಪೆನ್ಸಿಲಲ್ಲಿ "ಇಲ್ಲ" ಅಂತ ಟಿಕ್ ಹಾಕಿದ್ರು, ನಾನು ನೋಡ್ದೆ ಸೈನ್ ಮಾಡ್ಬಿಟ್ಟೆ, ಸರಿ ಮಾಡ್ಸೋಕೆ ಏಳು ತಿಂಗ್ಳು ಓಡಾಡ್ದೆ. ನಿಮ್ಮ ತಮ್ಮಂಗೆ ಹಂಗಾಗ್ಬಾರ್ದು, ಫಾರ್ಮಲ್ಲಿ ಹಳೇ ಯುಎಎನ್ (ಕಂಪನಿ ಬದಲಾದ್ರೂ ಬದಲಾಗ್ದ ಪಿಎಫ್ ನಂಬರ್) ಹಾಕಿ ಒಂದು ಕಾಪಿ ಇಟ್ಕೊಳಕ್ಕೆ ಹೇಳಿ.

ಪೆನ್ಷನ್ ಲೆಕ್ಕ ಬೇರೆ. 2014ರ ಸೆಪ್ಟೆಂಬರ್ 1ರ ನಂತ್ರ ಹೊಸದಾಗಿ ಸೇರಿದ, 15,000 ಮೇಲಿರೋರಿಗೆ ಇಪಿಎಸ್ (ಪಿಎಫ್ ಜೊತೆಗಿರೋ ಪೆನ್ಷನ್ ಸ್ಕೀಮ್) ಇಲ್ಲ. ನಿಮ್ಮ ತಮ್ಮ ಅದಕ್ಕೂ ಮುಂಚಿನ ಮೆಂಬರ್ ಅಲ್ವಾ, ಕಂಪನಿ ಪಾಲಲ್ಲಿ ತಿಂಗ್ಳಿಗೆ 1,250 ಅಲ್ಲಿಗೆ ಹೋಗ್ಬೇಕು. ಮೊದಲ ಸಂಬಳ ಬಂದ್ಮೇಲೆ ಪಿಎಫ್ ಪಾಸ್‌ಬುಕ್ ತೆಗ್ದು ಪೆನ್ಷನ್ ಕಾಲಂ ನೋಡಿ, ಸೊನ್ನೆ ಇದ್ರೆ ಅವತ್ತೇ ಎಚ್‌ಆರ್‌ಗೆ ಮೇಲ್ ಹಾಕ್ಸಿ.