ಥರ್ಮೋಸ್ಟಾಟ್ ಮನೆಯಲ್ಲೇ ಬದಲಿಸಬಹುದು, ಗಾಳಿಯನ್ನು ಮರೆಯದಿದ್ದರೆ

ಕಾರಿನ ಎಂಜಿನ್ ಬಿಸಿಯೇರಲು ಬಹಳ ಹೊತ್ತು ಹಿಡಿಯುತ್ತಿದೆ, ಹೀಟರ್ ಹಾಕಿದರೆ ಉಗುರುಬೆಚ್ಚನೆಯ ಗಾಳಿ ಬರುತ್ತದೆ, ಎಂಜಿನ್ ಬಿಸಿಯಾಗುವವರೆಗೆ ನೀರು ರೇಡಿಯೇಟರಿಗೆ ಹೋಗದಂತೆ ತಡೆಯುವ ವಾಲ್ವ್ ಆದ ಥರ್ಮೋಸ್ಟಾಟ್ ಕೆಟ್ಟಿರಬಹುದು ಎನ್ನುತ್ತಾರೆ. ನಾನೇ ಬದಲಿಸಬಹುದೇ, ಇಲ್ಲವೇ ಕಿತ್ತುಹಾಕಿ ಹಾಗೆಯೇ ಓಡಿಸಿದರೆ ನಡೆಯುತ್ತದೆಯೇ ಎಂದು ಕೇಳಿದ್ದೀರಿ. ಬದಲಿಸಬಹುದು. ಕಿತ್ತುಹಾಕಿ ಓಡಿಸುವುದು ಮಾತ್ರ ಬೇಡ.

ಕಿತ್ತುಹಾಕುವ ಸಲಹೆ ಕೊಡುವವರು ಬೇಕಾದಷ್ಟು ಜನ ಸಿಗುತ್ತಾರೆ. ಥರ್ಮೋಸ್ಟಾಟ್ ಇಲ್ಲದಿದ್ದರೆ ನೀರು ಮೊದಲ ಕ್ಷಣದಿಂದಲೇ ರೇಡಿಯೇಟರ್ ಸುತ್ತಿ ಬರುತ್ತದೆ, ಎಂಜಿನ್ ತನಗೆ ಬೇಕಾದ ಶಾಖಕ್ಕೆ ಬರುವುದೇ ಇಲ್ಲ. ಆಯಿಲ್ ದಪ್ಪಗೇ ಉಳಿಯುತ್ತದೆ, ಇಂಧನ ಹೆಚ್ಚು ಸುಡುತ್ತದೆ. ಇನ್ನೊಂದು ವಿಷಯ ಹಲವರಿಗೆ ಗೊತ್ತಿರುವುದಿಲ್ಲ. ಕೆಲವು ಎಂಜಿನ್‌ಗಳಲ್ಲಿ ಥರ್ಮೋಸ್ಟಾಟ್ ತೆರೆಯುವಾಗ ಅದರ ಹಿಂಬದಿಯ ತಟ್ಟೆ ಬೈಪಾಸ್ ದಾರಿಯನ್ನು ಮುಚ್ಚುತ್ತದೆ. ಅದನ್ನು ತೆಗೆದುಬಿಟ್ಟರೆ ಬಿಸಿ ನೀರಿನ ಒಂದು ಪಾಲು ರೇಡಿಯೇಟರಿನ ಮುಖವನ್ನೇ ನೋಡದೆ ಎಂಜಿನ್ನಿಗೆ ಮರಳುತ್ತದೆ. ತಂಪಾಗಲಿ ಎಂದು ಕಿತ್ತವರ ಗಾಡಿಯೇ ಕುದಿಯುವುದು ಹೀಗೆ.

ಬಿಚ್ಚುವ ಮೊದಲು ಖಚಿತಪಡಿಸಿಕೊಳ್ಳಿ. ಡಬ್ಬಿಯಲ್ಲಿ ಕೂಲಂಟ್ (ಮೇಲೆ ನೀರು ಎಂದದ್ದು ಎಂಜಿನ್ ತಂಪಿಡುವ ಈ ದ್ರವವನ್ನೇ) ಕಡಿಮೆಯಿದ್ದರೂ ಹೀಟರ್ ತಣ್ಣಗಾಗುತ್ತದೆ, ಆದ್ದರಿಂದ ಮಟ್ಟ ನೋಡುವುದು ಮೊದಲ ಕೆಲಸ. ಆಮೇಲೆ ಬೆಳಿಗ್ಗೆ ತಣ್ಣಗಿರುವ ಎಂಜಿನ್ ಚಾಲೂ ಮಾಡಿ, ಫ್ಯಾನಿನಿಂದ ಕೈ ದೂರವಿಟ್ಟು, ರೇಡಿಯೇಟರಿಗೆ ಹೋಗುವ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ಹೆಚ್ಚಿನ ಗಾಡಿಗಳಲ್ಲಿ ಎಂಜಿನ್ ಶಾಖ ತೋರಿಸುವ ಮೀಟರಿನ ಮುಳ್ಳು ನಡುವಿನ ಹತ್ತಿರ ಬರುವವರೆಗೂ ಆ ಹೋಸ್ ತಣ್ಣಗಿದ್ದು, ನಂತರ ಒಮ್ಮೆಲೇ ಸುಡಬೇಕು. ಮೊದಲ ನಿಮಿಷದಿಂದಲೇ ನಿಧಾನವಾಗಿ ಬೆಚ್ಚಗಾಗುತ್ತಾ ಹೋದರೆ ಥರ್ಮೋಸ್ಟಾಟ್ ತೆರೆದೇ ಸಿಕ್ಕಿಕೊಂಡಿದೆ ಎಂದರ್ಥ. ನಿಮ್ಮ ಗಾಡಿಯ ಲಕ್ಷಣವೂ ಅದೇ. ಗಾಡಿಯ ದೋಷ ಓದುವ ಸ್ಕ್ಯಾನರ್ ಇದ್ದರೆ, ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎನ್ನುವ ಪಿ0128 ಎಂಬ ಕೋಡ್ ತೋರಿಸಬಹುದು. ಮುಚ್ಚಿಯೇ ಸಿಕ್ಕಿಕೊಂಡಿದ್ದರೆ ಕಥೆ ಬೇರೆ: ಮುಳ್ಳು ಕೆಂಪಿಗೆ ಏರಿದರೂ ರೇಡಿಯೇಟರ್ ತಣ್ಣಗಿರುತ್ತದೆ. ಅಂಥ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ.

ಬಿಚ್ಚುವುದು ಸುಲಭ. ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಿರುವಾಗ ಮುಚ್ಚಳ ತೆಗೆದರೆ ಒತ್ತಡದಲ್ಲಿರುವ ಕೂಲಂಟ್ ಮುಖಕ್ಕೇ ಚಿಮ್ಮುತ್ತದೆ. ಕೆಳಗೆ ಶುದ್ಧವಾದ ಬೋಗುಣಿಯಿಟ್ಟು ಥರ್ಮೋಸ್ಟಾಟ್ ಮಟ್ಟಕ್ಕಿಂತ ಕೆಳಕ್ಕೆ ಇಳಿಯುವಷ್ಟು ಕೂಲಂಟ್ ಬಸಿಯಿರಿ. ಅದು ಸಿಹಿಯಾದ ವಿಷ. ನಾಯಿ ಬೆಕ್ಕುಗಳು ನೆಕ್ಕುತ್ತವೆ, ಹಾಗಾಗಿ ನೆಲಕ್ಕೆ ಚೆಲ್ಲಿದ್ದನ್ನು ಆಗಲೇ ತೊಳೆದುಬಿಡಿ. ಹೋಸ್ ಅಂಟಿಕೊಂಡಿದ್ದರೆ ಸ್ಕ್ರೂಡ್ರೈವರ್ ತುರುಕಿ ಮೀಟಬೇಡಿ, ಕೈಯಲ್ಲಿ ತಿರುಚಿ ಬಿಡಿಸಿ. ನಂತರ ಥರ್ಮೋಸ್ಟಾಟನ್ನು ಮುಚ್ಚಿರುವ ಕವಚದ ಎರಡೋ ಮೂರೋ ಬೋಲ್ಟ್. ಬಿಗಿಯಿದ್ದರೆ ಬಲ ಹಾಕುವ ಬದಲು ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಕಾಯಿರಿ. ಅಲ್ಯೂಮಿನಿಯಂ ಒಳಗೆ ಮುರಿದ ಬೋಲ್ಟಿನ ತುಂಡನ್ನು ತೆಗೆಯುವುದಕ್ಕೆ ಈ ಇಡೀ ಕೆಲಸಕ್ಕಿಂತ ಹೆಚ್ಚು ಹೊತ್ತು ಬೇಕು.

ಹಳೆಯದನ್ನು ಹೊರತೆಗೆಯುವ ಮುನ್ನ ಅದು ಕುಳಿತ ಭಂಗಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಮೇಣ ತುಂಬಿದ ಕೊಳವೆ ಎಂಜಿನ್ ಕಡೆಗೆ ಇರಬೇಕು. ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಇದ್ದರೆ ಸಾಮಾನ್ಯವಾಗಿ ಅದು ಮೇಲ್ಭಾಗಕ್ಕೆ ಬರಬೇಕು, ಗಾಳಿ ತಪ್ಪಿಸಿಕೊಳ್ಳುವ ಕಿಂಡಿ ಅದು.

ಹೊಸದನ್ನು ಕೂರಿಸುವ ಮೊದಲು ಪರೀಕ್ಷಿಸಿ. ಇದು ನನಗೆ ಇಡೀ ಕೆಲಸದಲ್ಲೇ ಖುಷಿ ಕೊಡುವ ಭಾಗ. ಅದರ ಮೇಲೆ 82 ಅಥವಾ 88 ಎಂದೋ ಬೇರೇನೋ ಅಂಕಿ ಕೊರೆದಿರುತ್ತದೆ. ತೆರೆಯಲು ಆರಂಭಿಸುವ ಸೆಲ್ಸಿಯಸ್ ಅದು. ವಾಲ್ವ್ ಬಾಯಿಗೆ ಒಂದು ದಾರ ಸಿಕ್ಕಿಸಿ, ತಳಕ್ಕೆ ತಾಗದಂತೆ ನೀರಿನ ಪಾತ್ರೆಯಲ್ಲಿ ಇಳಿಬಿಟ್ಟು, ಪಕ್ಕದಲ್ಲಿ ಥರ್ಮಾಮೀಟರ್ ಹಿಡಿದು ಕಾಯಿಸಿ. ಒಳಗಿನ ಮೇಣ ಕರಗಿ ಹಿಗ್ಗುತ್ತಿದ್ದಂತೆ ಬಾಯಿ ಕೂದಲೆಳೆಯಷ್ಟು ಬಿಡುತ್ತದೆ, ದಾರ ಜಾರಿ ಥರ್ಮೋಸ್ಟಾಟ್ ಟಣ್ ಎಂದು ತಳಕ್ಕೆ ಬೀಳುತ್ತದೆ. ಆ ಸದ್ದಾದಾಗ ಥರ್ಮಾಮೀಟರ್ ನೋಡಿ. ಒಂದೆರಡು ಡಿಗ್ರಿ ಆಚೀಚೆ ಪರವಾಗಿಲ್ಲ.

ಹಳೆಯ ಗ್ಯಾಸ್ಕೆಟಿನ ಚೂರುಗಳನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಿರಿ, ಚಾಕು ಬೇಡ. ಹೊಸ ಗ್ಯಾಸ್ಕೆಟ್ ಅಥವಾ ರಬ್ಬರ್ ರಿಂಗ್ ಹಾಕಿ ಬೋಲ್ಟ್‌ಗಳನ್ನು ಒಂದಾದ ಮೇಲೊಂದು ಸ್ವಲ್ಪ ಸ್ವಲ್ಪವೇ ಬಿಗಿಯಿರಿ. ಸಣ್ಣ ಬೋಲ್ಟ್‌ಗಳಿಗೆ ಹೆಚ್ಚಾಗಿ 10 ನ್ಯೂಟನ್ ಮೀಟರ್ ಆಸುಪಾಸಿನ ತಿರುಚು ಬಲ ಸಾಕು, ಆದರೆ ನಿಮ್ಮ ಗಾಡಿಯ ಕೈಪಿಡಿಯ ಅಂಕಿಯನ್ನೇ ಪಾಲಿಸಿ.

ಇನ್ನು ಕೂಲಂಟಿನ ದಾರಿಯಲ್ಲಿ ಸಿಕ್ಕಿಕೊಳ್ಳುವ ಗಾಳಿ. ಮೊದಲ ಸಲ ನಾನು ಕೂಲಂಟ್ ತುಂಬಿ, ಮುಚ್ಚಳ ಹಾಕಿ, ಕೆಲಸ ಮುಗಿಯಿತೆಂದು ಕೈ ತೊಳೆದುಕೊಂಡೆ. ಹತ್ತು ನಿಮಿಷ ಓಡಿಸುವಷ್ಟರಲ್ಲಿ ಮುಳ್ಳು ನಡು ದಾಟಿ ಮೇಲೇರತೊಡಗಿತು, ಹೀಟರಿನಿಂದ ಮಾತ್ರ ತಣ್ಣನೆಯ ಗಾಳಿ. ಹೊಸ ಥರ್ಮೋಸ್ಟಾಟ್ ದೋಷಪೂರಿತ ಎಂದು ಶಪಿಸುತ್ತಾ ಮತ್ತೆ ಎಲ್ಲವನ್ನೂ ಬಿಚ್ಚಿದೆ. ಪಾತ್ರೆಗೆ ಹಾಕಿ ನೋಡಿದರೆ ಅದು ಸರಿಯಾಗಿಯೇ ತೆರೆಯಿತು. ಅದರ ಹಿಂದೆ ಗಾಳಿಯ ಗುಳ್ಳೆ ಸಿಕ್ಕಿಕೊಂಡಿತ್ತು, ಮೇಣಕ್ಕೆ ಬಿಸಿ ನೀರು ತಾಗಿರಲೇ ಇಲ್ಲ.

ಈಗ ಹೀಗೆ ಮಾಡುತ್ತೇನೆ. ಗಾಡಿಯ ಮೂತಿ ಸ್ವಲ್ಪ ಮೇಲಿರುವಂತೆ ನಿಲ್ಲಿಸಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಎಂಜಿನ್ ತಣ್ಣಗಿರುವಾಗಲೇ ಮುಚ್ಚಳ ತೆಗೆದಿಟ್ಟು ನಿಧಾನವಾಗಿ ಕೂಲಂಟ್ ಸುರಿಯುತ್ತೇನೆ. ಗಾಳಿ ಬಿಡುವ ಸ್ಕ್ರೂ ಇದ್ದರೆ ಅದರಿಂದ ಗುಳ್ಳೆಯಿಲ್ಲದ ಧಾರೆ ಬರುವವರೆಗೆ ಸಡಿಲ ಬಿಡುತ್ತೇನೆ. ಚಾಲೂ ಮಾಡಿ ಹೋಸುಗಳನ್ನು ಹಿಸುಕಿದರೆ ಬುಳುಕ್ ಬುಳುಕ್ ಎಂದು ಗಾಳಿ ಮೇಲೆ ಬರುತ್ತದೆ, ಮಟ್ಟ ಇಳಿದಷ್ಟೂ ತುಂಬುತ್ತಾ ಹೋಗುವುದು. ಕೂಲಂಟ್ ಉಕ್ಕುವ ಮೊದಲೇ ಮುಚ್ಚಳ ಹಾಕಿ, ರೇಡಿಯೇಟರಿನ ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವವರೆಗೆ ಕಾಯುತ್ತೇನೆ. ಹೀಟರಿನ ಗಾಳಿ ಸುಡುವಷ್ಟು ಬಿಸಿಯಿದ್ದರೆ ಒಳಗೆ ಸಿಕ್ಕಿದ್ದ ಗಾಳಿ ಹೋಗಿದೆ. ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ತುಂಬುವ ಕೂಲಂಟ್ ಬಣ್ಣ ಒಂದೇ ಎಂದು ಬೇರೆ ಜಾತಿಯದನ್ನು ಬೆರೆಸಬೇಡಿ. ಬಣ್ಣಕ್ಕೆ ಯಾವ ನಿಯಮವೂ ಇಲ್ಲ. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ಉಳಿದ ಗಾಳಿ ಹೊರಬಿದ್ದಿದೆ, ತುಂಬಿಸಿಬಿಡಿ. ಮೂರನೆಯ ದಿನವೂ ಇಳಿಯುತ್ತಿದ್ದರೆ ಕವಚದ ಅಂಚಿಗೆ ಟಾರ್ಚ್ ಬಿಟ್ಟು ನೋಡಿ. ಸೋರಿ ಒಣಗಿದ ಕೂಲಂಟ್ ಅಲ್ಲಿ ಕಲೆ ಬಿಟ್ಟಿರುತ್ತದೆ.