ಮಧ್ಯಯುಗದ ಆರ್ಮೇನಿಯಾದ ಕೊನೆಯ ರಾಜ ಪ್ಯಾರಿಸ್‌ನಲ್ಲಿ ಸತ್ತದ್ದು ಹೇಗೆ?
ಆ ರಾಜ, ಲುಸಿನ್ಯಾನ್ ಮನೆತನದ ಲೆವೋನ್, ಆಳಿದ್ದು ಇಂದಿನ ನಕಾಶೆಯಲ್ಲಿ ಕಾಣುವ ಆರ್ಮೇನಿಯಾವನ್ನಲ್ಲ. ಅಲ್ಲಿನ ಬಗ್ರಾತುನಿ ಅರಸರ ರಾಜಧಾನಿ ಆನಿ 1045ರಲ್ಲಿ ಬೈಜಾಂಟೈನರ ಪಾಲಾಯಿತು, 1064ರಲ್ಲಿ ಸೆಲ್ಜುಕ್ ತುರ್ಕರದಾಯಿತು. ವಲಸೆ ಹೋದ ಆರ್ಮೇನಿಯನ್ನರು ಸಿಲಿಷಿಯಾದಲ್ಲಿ, ಅಂದರೆ ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿ, ಹೊಸ ರಾಜ್ಯ ಕಟ್ಟಿದರು.

ಅಲ್ಲಿ ಮೊದಲು ಕಿರೀಟ ಧರಿಸಿದವನು ರೂಬೆನ್ ವಂಶದ ಲೆವೋನ್. ಅವನಿಗೆ ಗಂಡುಮಕ್ಕಳಿರಲಿಲ್ಲ. ಉತ್ತರಾಧಿಕಾರಿಯಾದ ಮಗಳು ಜಬೆಲ್‌ಳ ಮೊದಲ ಗಂಡ, ನೆರೆಯ ಅಂತಿಯೋಕ್ ಸಂಸ್ಥಾನದ ಫಿಲಿಪ್, ಸರದಾರರ ಸಿಟ್ಟಿಗೆ ಸಿಕ್ಕಿ ಸೆರೆಯಲ್ಲೇ ಸತ್ತ. ಆಮೇಲೆ 1226ರಲ್ಲಿ, ರಾಜ್ಯಭಾರ ನೋಡುತ್ತಿದ್ದ ಕಾನ್‌ಸ್ಟಂಟೈನ್ ಅವಳನ್ನು ತನ್ನ ಮಗ ಹೆತುಮ್‌ಗೇ ಮದುವೆ ಮಾಡಿಸಿದ. ಅವಳಿಗೆ ಅದು ಸುತರಾಂ ಇಷ್ಟವಿರಲಿಲ್ಲ. ನನ್ನ ಪ್ರಕಾರ ಅದು ಸಿಂಹಾಸನ ಕಬಳಿಸುವ ಉಪಾಯ. ಹೆತುಮ್ ಮಾತ್ರ ಚಾಣಾಕ್ಷ. 1254ರಲ್ಲಿ ಮಂಗೋಲರ ರಾಜಧಾನಿ ಕಾರಕೋರಮ್ ತನಕ ಹೋಗಿ ಅವರ ದೊರೆ ಮೋಂಗ್ಕೆ ಖಾನನ ಬೆಂಬಲ ಗಳಿಸಿಕೊಂಡ.

ಮಂಗೋಲರ ಬಲ ಕುಂದಿದ ಮೇಲೆ ಈಜಿಪ್ಟನ್ನು ಆಳುತ್ತಿದ್ದ ಮಮ್ಲೂಕ್ ಸುಲ್ತಾನರನ್ನು ತಡೆಯುವವರಿರಲಿಲ್ಲ. ಅಷ್ಟರಲ್ಲಿ ಕಿರೀಟ, ಮದುವೆ ಸಂಬಂಧಗಳ ಮೂಲಕ, ಫ್ರೆಂಚ್ ಮೂಲದ ಲುಸಿನ್ಯಾನ್ ಮನೆತನಕ್ಕೆ ಹೋಗಿತ್ತು. 1375ರಲ್ಲಿ ರಾಜಧಾನಿ ಸಿಸ್ ಬಿತ್ತು. ಆ ಮನೆತನದ ಲೆವೋನನನ್ನು, ಅಂದರೆ ನಮ್ಮ ಕೊನೆಯ ರಾಜನನ್ನು, ಮಮ್ಲೂಕರು ಸೆರೆಹಿಡಿದು ಕೈರೋಗೆ ಒಯ್ದರು. 1382ರಲ್ಲಿ ಸ್ಪೇನ್ ಕಡೆಯ ಕ್ಯಾಸ್ಟೀಲ್ ರಾಜ್ಯದ ದೊರೆ ಅವನನ್ನು ಬಿಡಿಸಿದ್ದಲ್ಲದೆ ಮ್ಯಾಡ್ರಿಡ್‌ನ ಒಡೆತನವನ್ನೂ ಕೊಟ್ಟ! ರಾಜ್ಯ ಮರಳಿ ಪಡೆಯಲು ನೆರವು ಹುಡುಕುತ್ತಲೇ 1393ರಲ್ಲಿ ಅವನು ಪ್ಯಾರಿಸ್‌ನಲ್ಲಿ ತೀರಿಕೊಂಡ.