ಅಕ್ಕೋರೇ, ನೀವ್ಯಾಕೆ ಸಾರಿ ಕೇಳಿದಿರಿ?

ಪತ್ರ: ಸಂಪಾದಕರಿಗೆ ನಮಸ್ಕಾರ. ನಾನು ಕೊಪ್ಪಳ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಶಿಕ್ಷಕಿ. ಡಿಸೆಂಬರ್‌ನಲ್ಲಿ ಏಳನೇ ತರಗತಿಯ 42 ಮಕ್ಕಳನ್ನು ಬೆಂಗಳೂರಿಗೆ ಪ್ರವಾಸ ಕರೆದುಕೊಂಡು ಬಂದಿದ್ದೆವು. ಹೆಚ್ಚಿನವರು ಕೂಲಿ ಮಾಡುವವರ, ಗುಳೆ ಹೋಗುವವರ ಮಕ್ಕಳು. ಒಂದು ಮ್ಯೂಸಿಯಂನಲ್ಲಿ ನಮ್ಮನ್ನು ಮುಕ್ಕಾಲು ಗಂಟೆ ಹೊರಗೆ ನಿಲ್ಲಿಸಿದರು. ನಮ್ಮ ನಂತರ ಬಂದ ಯೂನಿಫಾರಂ, ಶೂ ಹಾಕಿದ ಶಾಲೆಯವರು ಮೊದಲೇ ಒಳಗೆ ಹೋದರು. ಒಳಗೆ ನಮ್ಮ ಹುಡುಗನೊಬ್ಬ ಒಂದು ಕಲ್ಲನ್ನು ಬೆರಳಿನಿಂದ ತಟ್ಟಿದ್ದಕ್ಕೆ ಗಾರ್ಡ್ ಎಲ್ಲರೆದುರು ಬೈದರು. ನಾನೇ ಸಾರಿ ಕೇಳಿದೆ. ಸಹೋದ್ಯೋಗಿಯೊಬ್ಬರು, "ಮೊದಲು ಇವಕ್ಕೆ ಶಿಸ್ತು ಕಲಿಸಬೇಕು, ಆಮೇಲೆ ಇಂಥಾ ಕಡೆ ತರಬೇಕು" ಎಂದರು. ಅವರು ಹೇಳಿದ್ದು ಸರಿಯೇ? ಮ್ಯೂಸಿಯಂಗಳು ನಮ್ಮಂಥವರ ಮಕ್ಕಳಿಗೆ ಅಲ್ಲವೇ? (ಹೆಸರು, ಊರು ಬೇಡ.)

ಉತ್ತರ:

ಅಕ್ಕೋರೇ, ನಿಮ್ಮ ಕಡೆ ಮಕ್ಕಳು ಟೀಚರನ್ನು ಹಾಗೇ ಕರೆಯುತ್ತಾರಲ್ಲ, ನಾನೂ ಹಾಗೇ ಕರೆಯುತ್ತೇನೆ. ಪತ್ರದ ಕೊನೇ ಪ್ರಶ್ನೆಗೆ ಒಂದು ಸಾಲಿನ ಉತ್ತರ ಸಾಕಿತ್ತು. ಆದರೆ ನೀವು ಮುಟ್ಟಿರುವುದು ನನ್ನ ಹಳೇ ಹುಣ್ಣನ್ನು. ಈ ವಿಷಯ ಎತ್ತಿದರೆ ನಾನು ಬೇಗ ನಿಲ್ಲಿಸುವುದಿಲ್ಲ ಅಂತ ನಮ್ಮ ಆಫೀಸಿನಲ್ಲಿ ಎಲ್ಲರಿಗೂ ಗೊತ್ತು.

ಮೊದಲು ಗಾರ್ಡ್ ಪರವಾಗಿ ಎರಡು ಮಾತು ಹೇಳಿ ಮುಗಿಸುತ್ತೇನೆ. ಮುಟ್ಟಬೇಡಿ ಅನ್ನುವುದಕ್ಕೆ ಕಾರಣ ಇದೆ. ಕೈಬೆವರಿನಲ್ಲಿ ಉಪ್ಪು, ಎಣ್ಣೆ ಇರುತ್ತವೆ. ದಿನಕ್ಕೆ ಸಾವಿರ ಕೈ ಮುಟ್ಟಿದರೆ ಲೋಹ ಕಪ್ಪಾಗುತ್ತದೆ, ಚಿತ್ರದ ಬಣ್ಣ ಏಳುತ್ತದೆ, ಬಳಪದ ಕಲ್ಲಿನ ನಾಜೂಕು ಕೆತ್ತನೆಯೂ ಸವೆಯುತ್ತದೆ. ಮೂರ್ತಿಯ ಮೂಗು ಹೋದರೆ ಗಾರ್ಡ್ ತಲೆಗೇ ಬರುತ್ತದೆ. ಗುತ್ತಿಗೆ ಕೆಲಸ, ಇಡೀ ದಿನ ನಿಂತೇ ಇರಬೇಕು. ಅವರ ಮಕ್ಕಳೂ ನಿಮ್ಮಂಥ ಶಾಲೆಗೇ ಹೋಗುತ್ತಿರಬಹುದು. ಸರಿ, ಇಷ್ಟು ಸಾಕು.

ಈಗ ಆ ಹುಡುಗನ ವಿಷಯ. ಪತ್ರದ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ಸಾಲು ಸೇರಿಸಿದ್ದೀರಿ, ಅದನ್ನು ಅಚ್ಚು ಹಾಕಿಸಬೇಕೋ ಬೇಡವೋ ಅನ್ನುವ ಹಾಗೆ. ಯಾಕೆ ತಟ್ಟಿದೆ ಎಂದು ಆಮೇಲೆ ಬಸ್ಸಿನಲ್ಲಿ ಕೇಳಿದಾಗ ಅವನು, "ಸಪ್ಪಳ ಬರ್ತದೇನು ನೋಡಿದ್ನಿರಿ" ಅಂದನಂತೆ. ನಿಮಗೆ ಅದು ತುಂಟತನ ಅನ್ನಿಸಿದೆ. ನನಗೆ ಮೈ ಜುಂ ಅಂತು. ಯಾಕೆ ಹೇಳಿ? ನಿಮ್ಮದೇ ಜಿಲ್ಲೆಯ ಗಂಗಾವತಿ ತಾಲ್ಲೂಕಿನ ಹಿರೇಬೆಣಕಲ್ಲಿನ ಬೆಟ್ಟದ ಮೇಲೆ ನೂರಾರು ಶಿಲಾಸಮಾಧಿಗಳಿವೆಯಲ್ಲ, ಜನ ಮೊರೇರ ಮನೆ ಅನ್ನುತ್ತಾರೆ, ಎರಡು ಸಾವಿರ ವರ್ಷಕ್ಕೂ ಹಿಂದಿನವು. ಅಲ್ಲೇ ಒಂದು ದೊಡ್ಡ ಗುಂಡುಕಲ್ಲಿದೆ. ಬಡಿದರೆ ನಗಾರಿಯ ಹಾಗೆ ಸದ್ದು ಮಾಡುತ್ತದೆ. ಆ ಹುಡುಗ ಅಲ್ಲಿಗೆ ಹೋಗಿ ಬಡಿದಿರಲೇಬೇಕು, ನಾನು ಪಂಥ ಕಟ್ಟುತ್ತೇನೆ. ಹಳೇ ಕಲ್ಲು ಕಂಡರೆ ತಟ್ಟಿ ನೋಡಬೇಕು ಅನ್ನುವುದು ಅವನು ಬೆಟ್ಟದಲ್ಲಿ ಕಲಿತ ಪಾಠ. ಆ ಹಾಲ್‌ನಲ್ಲಿ ಅವತ್ತು ಕಲ್ಲಿಗೆ ಪ್ರಶ್ನೆ ಕೇಳಿದವನು ಅವನೊಬ್ಬನೇ ಇರಬೇಕು. ಶೂ ಹಾಕಿದವರು ಕಲ್ಲಿನ ಮುಂದೆ ನಿಂತು ಫೋಟೋ ತೆಗೆಸಿಕೊಂಡು ಹೋದರು, ಅಲ್ವಾ?

ಅದಕ್ಕೇ ಕೇಳುತ್ತಿದ್ದೇನೆ, ನೀವ್ಯಾಕೆ ಸಾರಿ ಕೇಳಿದಿರಿ? ಬೇಜಾರು ಮಾಡಿಕೊಳ್ಳಬೇಡಿ. 42 ಮಕ್ಕಳನ್ನು ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಿಸಿಕೊಂಡು, ವಾಂತಿ ಮಾಡುವವರಿಗೆ ನಿಂಬೆಹಣ್ಣು ಕೊಟ್ಟು, ಎಣಿಸಿ ಎಣಿಸಿ ಇಳಿಸಿದವರು ನೀವು. ಆದರೂ ಹೇಳಲೇಬೇಕು. ಗಾರ್ಡ್ ಬೈದದ್ದು ಮಕ್ಕಳಿಗೆ ಮರೆತುಹೋಗುತ್ತದೆ. ನಮ್ಮ ಅಕ್ಕೋರು ತಲೆ ತಗ್ಗಿಸಿದರು ಅನ್ನುವುದು ಮರೆಯುವುದಿಲ್ಲ. ನನ್ನದೇ ಲೆಕ್ಕ ಹೇಳುತ್ತೇನೆ. ನಾನೂ ಆರನೇ ಕ್ಲಾಸಿನಲ್ಲಿ ಹಳ್ಳಿಯಿಂದ ಪ್ರವಾಸ ಬಂದವನು. ದೊಡ್ಡ ಮ್ಯೂಸಿಯಂ. ಬಾಗಿಲಲ್ಲಿದ್ದವನು ನಮ್ಮನ್ನು ನೋಡಿ, "ಇಪ್ಪತ್ತು ನಿಮಿಷ, ಬೇಗ ಬೇಗ" ಅಂದ. ನಮ್ಮ ಮೇಷ್ಟ್ರು ಊರಲ್ಲಿ ಹುಲಿ. ಅಲ್ಲಿ ಕೈ ಕಟ್ಟಿಕೊಂಡು "ಆಯ್ತು ಸ್ವಾಮಿ" ಅಂದರು. ಒಳಗೆ ಏನು ನೋಡಿದೆ ಅಂತ ಇವತ್ತಿಗೂ ಜ್ಞಾಪಕ ಇಲ್ಲ. ಮುಂದಿನ ಹುಡುಗನ ಎಣ್ಣೆ ಹಚ್ಚಿದ ತಲೆ, ಮೇಷ್ಟ್ರ ಕಟ್ಟಿದ ಕೈ, ಹೊರಗೆ ಬಂದ ಮೇಲೆ ತಿಂದ ಐಸ್‌ಕ್ಯಾಂಡಿ, ಇಷ್ಟೇ.

ನಿಮ್ಮ ಸಹೋದ್ಯೋಗಿಯ "ಮೊದಲು ಶಿಸ್ತು, ಆಮೇಲೆ ಮ್ಯೂಸಿಯಂ" ಅನ್ನುವ ಮಾತಿಗೆ ಒಂದು ಹಳೇ ಕಥೆ ಇದೆ. ಮದ್ರಾಸಿನ ಮ್ಯೂಸಿಯಂ ಶುರುವಾದದ್ದು 1851ರಲ್ಲಿ. ಅದನ್ನು ನೋಡಿಕೊಳ್ಳುತ್ತಿದ್ದವನು ಎಡ್ವರ್ಡ್ ಬಾಲ್ಫರ್ ಅನ್ನುವ ಡಾಕ್ಟರ್. ಮಣ್ಣು, ಖನಿಜ, ಕಲ್ಲು ನೋಡಲು ಜನ ಹೆಚ್ಚಾಗಿ ಬರುತ್ತಿರಲಿಲ್ಲ. ಅಲ್ಲಿ ಜೀವಂತ ಹುಲಿಮರಿ, ಚೀತಾ ಇಟ್ಟಾಗ ಜನ ಮುಗಿಬಿದ್ದರು. ಅವನು ಇದನ್ನು ಗಮನಿಸಿ ಇನ್ನಷ್ಟು ಪ್ರಾಣಿ ಸೇರಿಸಿದ. ಮದ್ರಾಸಿನ ಮೃಗಾಲಯ ಹುಟ್ಟಿದ್ದೇ ಹಾಗೆ, 1855ರಲ್ಲಿ, ಮ್ಯೂಸಿಯಂ ಆವರಣದಲ್ಲೇ. ಅವನು ಬಂದವರ ಶಿಸ್ತಿನ ಪರೀಕ್ಷೆ ಮಾಡಲಿಲ್ಲ. ಜನ ಯಾತಕ್ಕೆ ಬರುತ್ತಾರೆ ಅಂತ ನೋಡಿದ, ಅಷ್ಟೆ. ನಮ್ಮ ಬೆಂಗಳೂರಿನ ಸರ್ಕಾರಿ ಮ್ಯೂಸಿಯಂ 1865ರಲ್ಲಿ ಹುಟ್ಟುವುದಕ್ಕೂ ಇದೇ ಬಾಲ್ಫರ್ ಕಾರಣ. ಬ್ರಿಟಿಷರ ಅಧಿಕಾರಿಗೆ, ಓದು ಬಾರದ ಜನರ ಬಗ್ಗೆ ಇದ್ದ ಆಸಕ್ತಿ ನಮಗೆ ನಮ್ಮ ಮಕ್ಕಳ ಬಗ್ಗೆ ಇಲ್ಲ. ನಾಚಿಕೆ ಆಗುತ್ತದೆ, ಏನು ಮಾಡುವುದು.

ಟಿಕೆಟ್ ದುಡ್ಡಿನ ಸಮಸ್ಯೆ ಅಂತ ಕೆಲವರು ಹೇಳುತ್ತಾರೆ. ಅಲ್ಲ. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ಟೇ ಇಲ್ಲ. ಇಂಗ್ಲೆಂಡಿನಲ್ಲಿ 2001ರಲ್ಲಿ ದೊಡ್ಡ ರಾಷ್ಟ್ರೀಯ ಮ್ಯೂಸಿಯಂಗಳನ್ನೆಲ್ಲ ಉಚಿತ ಮಾಡಿದರು. ಜನ ಏನೋ ಜಾಸ್ತಿ ಬಂದರು, ಆದರೆ ಬಹಳಷ್ಟು ಮೊದಲೂ ಬರುತ್ತಿದ್ದಂಥವರೇ. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಪಿಯರೆ ಬೋರ್ದ್ಯು 1960ರ ದಶಕದಲ್ಲಿ ಜನರನ್ನು ಕೇಳಿದ್ದ, ಮ್ಯೂಸಿಯಂ ಅಂದರೆ ನಿಮಗೆ ಯಾವುದರ ಹಾಗೆ ಅನ್ನಿಸುತ್ತದೆ ಅಂತ. ಕಾರ್ಮಿಕರಲ್ಲಿ ಹೆಚ್ಚಿನವರು, ಚರ್ಚಿನ ಹಾಗೆ ಅಂದರು. ಪಿಸುಮಾತು, ತಗ್ಗಿಸಿದ ತಲೆ, ನಾನೇನಾದರೂ ತಪ್ಪು ಮಾಡಿಬಿಟ್ಟರೆ ಅನ್ನುವ ಭಯ. ನಮ್ಮಲ್ಲಿ ಅದಕ್ಕೆ ಇನ್ನೂ ಒಂದು ಪದರ ಸೇರುತ್ತದೆ. ಯಾರನ್ನು ಎಲ್ಲಿಯವರೆಗೆ ಬಿಡಬೇಕು ಅನ್ನುವುದು ನಮಗೆ ಹೊಸ ವಿದ್ಯೆ ಅಲ್ಲ. ದೇವಸ್ಥಾನದ ಹೊಸ್ತಿಲಿನಲ್ಲಿ ಕಲಿತದ್ದನ್ನು ಎಲ್ಲ ಹೊಸ್ತಿಲಿಗೂ ತಂದಿದ್ದೇವೆ.

ನಮ್ಮ ಮನೆಗೆಲಸಕ್ಕೆ ಬರುವ ಹೆಂಗಸಿಗೆ ಒಬ್ಬ ಮಗಳು. ಚಿತ್ರ ಬರೆಯುವ ಹುಚ್ಚು. ಒಂದು ಭಾನುವಾರ ನನ್ನ ಹೆಂಡತಿ ಅವಳನ್ನು ಒಂದು ಗ್ಯಾಲರಿಗೆ ಕರೆದುಕೊಂಡು ಹೋದಳು. ನಮ್ಮ ಮೊಮ್ಮಗನೂ ಜೊತೆಗಿದ್ದ. ಬಾಗಿಲಲ್ಲಿ ನನ್ನ ಹೆಂಡತಿಯನ್ನು ತಡೆದು, "ಇವಳೂ ನಿಮ್ಮ ಜೊತೆನಾ ಮೇಡಂ?" ಅಂತ ಕೇಳಿದರು. ಮೊಮ್ಮಗನ ಬಗ್ಗೆ ಕೇಳಲಿಲ್ಲ. ಆ ಹುಡುಗಿ ಒಳಗೆ ಬಂದಳು, ಆದರೆ ಕೊನೆಯವರೆಗೂ ಕಾಲಿನ ಹೆಬ್ಬೆರಳನ್ನು ಇನ್ನೊಂದು ಪಾದದ ಹಿಂದೆ ಬಚ್ಚಿಟ್ಟುಕೊಂಡೇ ನಿಂತಳಂತೆ. ಹವಾಯಿ ಚಪ್ಪಲಿಯ ಬಾರು ಕಿತ್ತು, ಪಿನ್ನು ಹಾಕಿತ್ತು. ಯಾರೂ ಏನೂ ಬೈಯಲಿಲ್ಲ, ನೋಡಿ. ಒಂದೇ ಒಂದು ಪ್ರಶ್ನೆ ಕೇಳಿದರು.

ಇನ್ನು ಒಳಗೆ ಬಿಟ್ಟ ಮೇಲಾದರೂ ಏನಿದೆ? ಫಲಕಗಳು. ಇದು ನನ್ನ ಇನ್ನೊಂದು ಹುಣ್ಣು. "ಉಬ್ಬುಶಿಲ್ಪ, ಬಳಪದ ಕಲ್ಲು, ಕ್ರಿ.ಶ. 12ನೇ ಶತಮಾನ." ಇದನ್ನು ಓದಿ ಏಳನೇ ಕ್ಲಾಸಿನ ಹುಡುಗಿ ಏನು ತಿಳಿದುಕೊಳ್ಳಬೇಕು? ಎಷ್ಟೋ ಕಡೆ ಇಷ್ಟೂ ಇರುವುದಿಲ್ಲ, ಇಂಗ್ಲಿಷಿನಲ್ಲಿ "ಹೀರೋ ಸ್ಟೋನ್" ಅಂತ ಬರೆದು ಕೈ ತೊಳೆದುಕೊಂಡಿರುತ್ತಾರೆ. ವೀರಗಲ್ಲು ಅನ್ನುವುದಕ್ಕೆ ಕನ್ನಡದ ಮಕ್ಕಳಿಗೆ ಇಂಗ್ಲಿಷ್ ಯಾಕೆ ಬೇಕು? ಅವರ ಊರಿನ ಕೆರೆ ಏರಿಯ ಮೇಲೆ, ಹನುಮಪ್ಪನ ಗುಡಿ ಪಕ್ಕ ಅಂಥವು ನಿಂತಿರುತ್ತವೆ.

ಬೆಂಗಳೂರಿನ ಸರ್ಕಾರಿ ಮ್ಯೂಸಿಯಂನ ಸಂಗ್ರಹದಲ್ಲಿ ಆತಕೂರಿನ ಕಲ್ಲು ಇದೆ. ಮದ್ದೂರು ಕಡೆಯ ಊರು. ಕ್ರಿ.ಶ. 949–50ರದು. ಪಂಡಿತರು ಅದರ ಶಾಸನವನ್ನು ರಾಷ್ಟ್ರಕೂಟ ಮೂರನೇ ಕೃಷ್ಣ, ಗಂಗರ ಅರಸ ಬೂತುಗ, ಚೋಳರ ಜೊತೆಗಿನ ತಕ್ಕೋಲದ ಯುದ್ಧ ಅಂತ ಓದುತ್ತಾರೆ. ಓದಲಿ. ಆದರೆ ಕಲ್ಲಿನ ಮೇಲೆ ಕೆತ್ತಿರುವುದು ರಾಜನನ್ನಲ್ಲ. ಒಂದು ನಾಯಿ, ಒಂದು ಹಂದಿ, ಕಾದಾಡುತ್ತಿವೆ. ನಾಯಿಯ ಹೆಸರು ಕಾಳಿ. ಬೂತುಗನ ಮೆಚ್ಚಿನ ವೀರ ಮಣಲೇರ ಬಹುಮಾನವಾಗಿ ಈ ನಾಯಿಯನ್ನು ಪಡೆದ. ಅದನ್ನು ಬೆಳತೂರಿನ ಗುಡ್ಡದಲ್ಲಿ ಒಂದು ದೊಡ್ಡ ಕಾಡುಹಂದಿಯ ಮೇಲೆ ಬಿಟ್ಟರು. ಹಂದಿಯೂ ಸತ್ತಿತು, ನಾಯಿಯೂ ಸತ್ತಿತು. ಮಣಲೇರ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ, ಅದರ ಪೂಜೆಗೆ ಭೂಮಿ ಬಿಟ್ಟ.

ಇಷ್ಟು ಹೇಳಿ, ನಿಮ್ಮ 42 ಮಕ್ಕಳನ್ನು ಆ ಕಲ್ಲಿನ ಮುಂದೆ ಕೂರಿಸಿ ನೋಡಿ. ಯಾವ ಮಗುವಿಗೆ ಸತ್ತ ನಾಯಿಯ ದುಃಖ ಗೊತ್ತಿಲ್ಲ? ಹಂದಿ ಹೇಗೆ ನುಗ್ಗುತ್ತದೆ, ನಾಯಿ ಎಲ್ಲಿ ಕಚ್ಚುತ್ತದೆ ಅಂತ ಜೋಳದ ಹೊಲ ಕಾದ ಹುಡುಗ ಕ್ಯುರೇಟರ್‌ಗೇ ಹೇಳಿಕೊಡುತ್ತಾನೆ. ಬಡವರ ಮಕ್ಕಳಿಗೆ ಹಿನ್ನೆಲೆ ಇಲ್ಲ, ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ ಅನ್ನುವವರ ಮಾತು ಕೇಳಿದರೆ ನನಗೆ ಸಿಟ್ಟು ಬರುವುದು ಇದಕ್ಕೇ. ಒನಕೆ, ಕೂರಿಗೆ, ಬೀಸುಕಲ್ಲು ಗಾಜಿನ ಪೆಟ್ಟಿಗೆಯಲ್ಲಿದ್ದರೆ ಅದನ್ನು ಹಿಡಿಯುವುದು ಹೇಗೆ ಅಂತ ಗೊತ್ತಿರುವುದು ಯಾರಿಗೆ? ನಿಮ್ಮ ಜಿಲ್ಲೆಯ ಕಿನ್ನಾಳದ ಗೊಂಬೆಗಳನ್ನು ಬೆಂಗಳೂರಿನವರು ಲೈಟು ಹಾಕಿ ಇಡುತ್ತಾರೆ. ಹಗುರ ಮರ, ಹುಣಸೆಬೀಜದ ಅಂಟು, ಮೇಲೆ ಬಣ್ಣ. ಅದನ್ನು ಮಾಡುವ ಚಿತ್ರಗಾರರ ಮನೆ ಮಗು ಬಂದರೆ ಗಾಜಿನಿಂದ ದೂರ ನಿಲ್ಲು ಅನ್ನುತ್ತಾರೆ.

ಎಲ್ಲ ಕಡೆ ಹೀಗೇ ಅಂತಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲೇ ಇರುವ ವಿಶ್ವೇಶ್ವರಯ್ಯ ವಿಜ್ಞಾನ ಮ್ಯೂಸಿಯಂಗೆ ಹೋಗಿ. 1962ರಲ್ಲಿ ನೆಹರೂ ಉದ್ಘಾಟಿಸಿದ್ದು. ಅಲ್ಲಿ ಗುಂಡಿ ಒತ್ತಬೇಕು, ಹಿಡಿಕೆ ತಿರುಗಿಸಬೇಕು, ಚೀರಬೇಕು. ಗಲಾಟೆ ಮೀನುಮಾರ್ಕೆಟ್ಟಿನ ಹಾಗಿರುತ್ತದೆ, ಯಾರೂ ಶ್ ಅನ್ನುವುದಿಲ್ಲ. ಅವರು ಬಸ್ಸಿನಲ್ಲಿ ಪ್ರದರ್ಶನ ತುಂಬಿಕೊಂಡು ಹಳ್ಳಿ ಶಾಲೆಗಳಿಗೂ ಹೋಗುತ್ತಾರೆ. ಹಂಪಿ ಹತ್ತಿರದ ಕಮಲಾಪುರದ ಮ್ಯೂಸಿಯಂನಲ್ಲಿ ಇಡೀ ಹಂಪಿಯ ಮಾದರಿ ಮಾಡಿಟ್ಟಿದ್ದಾರೆ, ಬೆಟ್ಟ, ನದಿ, ಗುಡಿ ಎಲ್ಲ. ಸುತ್ತ ನಡೆಯಬಹುದು. ಅಲ್ಲಿ ನಿಂತ ಮಕ್ಕಳು ಮೊದಲು ಹುಡುಕುವುದು ವಿರೂಪಾಕ್ಷನನ್ನಲ್ಲ, ತಮ್ಮ ಊರು ಹೊಳೆಯ ಯಾವ ಕಡೆ ಬರುತ್ತದೆ ಅಂತ. ರಾಮನಗರದ ಜಾನಪದ ಲೋಕವನ್ನು ಎಚ್.ಎಲ್. ನಾಗೇಗೌಡರು ಕಟ್ಟಿದ್ದೂ ಇಂಥ ಮನಸ್ಸಿನಿಂದಲೇ. ಅಲ್ಲಿ ಅಜ್ಜಿಯರು ವಸ್ತು ನೋಡಿ ಮೊಮ್ಮಕ್ಕಳಿಗೆ ಪಾಠ ಮಾಡುವುದನ್ನು ಕಂಡಿದ್ದೇನೆ.

ಆದರೆ ನಗರದಲ್ಲಿ ಈಗ ಬೇರೆ ಗಾಳಿ ಬೀಸುತ್ತಿದೆ. "ಮಕ್ಕಳ ವರ್ಕ್‌ಶಾಪ್" ಅಂತ ಶನಿವಾರ ಮಾಡುತ್ತಾರೆ. ಎರಡು ಗಂಟೆ ಮಣ್ಣು ಕಲಸುವುದಕ್ಕೆ ಕೇಳುವ ಫೀಸು ನಮ್ಮ ಪತ್ರಿಕೆಯ ಎರಡು ವರ್ಷದ ಚಂದಾಗಿಂತ ಜಾಸ್ತಿ. (ಚಂದಾ ನವೀಕರಿಸದವರು ದಯವಿಟ್ಟು ಗಮನಿಸಿ.) ಮಣ್ಣು ಕಲಸುವುದನ್ನು ದುಡ್ಡು ಕೊಟ್ಟು ಕಲಿಯುವ ಮಕ್ಕಳು ಒಳಗೆ, ಮಣ್ಣಲ್ಲೇ ಬೆಳೆದವರು ಹೊರಗೆ ಬಿಸಿಲಲ್ಲಿ. ಮಾಲ್‌ನಲ್ಲಿ ಹೀಗೆ, ದೊಡ್ಡ ಪುಸ್ತಕದಂಗಡಿಯಲ್ಲಿ ಹೀಗೆ, ಪಾರ್ಕಿನಲ್ಲೂ ಈಗ ಗೇಟು, ಗೇಟಿಗೊಬ್ಬ ಸೀಟಿ ಊದುವವನು. ಊರಿನ ಲೈಬ್ರರಿಗೆ ಯಾರನ್ನೂ ತಡೆಯುವುದಿಲ್ಲ, ನಿಜ. ಅದು ತೆಗೆದಿರುವುದೇ ಇಲ್ಲ. ಮಕ್ಕಳು ಮೊಬೈಲ್ ಹಿಡಿದು ಕೂತಿರುತ್ತಾರೆ ಅಂತ ಎಲ್ಲರೂ ಗೋಳಾಡುತ್ತಾರೆ. ಚಪ್ಪಲಿ ನೋಡದೆ ಒಳಗೆ ಬಿಡುವ ಜಾಗ ಅದೊಂದೇ ಉಳಿದಿದೆ, ಇನ್ನೆಲ್ಲಿ ಕೂರಬೇಕು?

ಸರಿ, ಎಲ್ಲಿಂದ ಎಲ್ಲಿಗೋ ಬಂದೆ. ಮುಂದಿನ ವರ್ಷಕ್ಕೆ ಸ್ವಲ್ಪ ಉಪಯೋಗದ ಮಾತು. ಸರ್ಕಾರಿ ಮ್ಯೂಸಿಯಂಗಳಿಗೆ ಹೆಚ್ಚಾಗಿ ಸೋಮವಾರ ರಜೆ, ಕೇಂದ್ರ ಪುರಾತತ್ವ ಇಲಾಖೆಯ ಮ್ಯೂಸಿಯಂಗಳಿಗೆ ಶುಕ್ರವಾರ. ಹದಿನೈದು ದಿನ ಮೊದಲೇ ಶಾಲೆಯ ಸೀಲು ಹಾಕಿ ಒಂದು ಪತ್ರ ಬರೆಯಿರಿ, ಪ್ರತಿ ಇಟ್ಟುಕೊಳ್ಳಿ. ಬಾಗಿಲಲ್ಲಿ ಕಾಯಿಸಿದರೆ ಅದನ್ನು ಮುಂದೆ ಹಿಡಿಯಿರಿ. ಶೌಚಾಲಯ ಎಲ್ಲಿದೆ ಅಂತ ಮೊದಲೇ ವಿಚಾರಿಸಿ. ದಿನಕ್ಕೆ ನಾಲ್ಕು ಜಾಗ ಬೇಡ, ಒಂದು ಸಾಕು. ಹತ್ತು ಹಾಲ್‌ಗಳಲ್ಲಿ ಓಡಿಸುವುದೂ ಬೇಡ. ಮೂರು ವಸ್ತು ಆರಿಸಿ, ಪ್ರತಿಯೊಂದರ ಮುಂದೆ ನೆಲದ ಮೇಲೆ ಕೂರಿಸಿ. ಏಳಿ ಅಂದರೆ ನೀವು ಏಳಬೇಡಿ.

ಆ ಹುಡುಗನಿಗೆ ನನ್ನ ಪರವಾಗಿ ಒಂದು ಕೆಲಸ ಹೇಳಿ. ಬೆಟ್ಟದ ಮೇಲಿನ ಕಲ್ಲಿನ ನಗಾರಿ ಬಗ್ಗೆ ಒಂದು ಪುಟ ಬರೆಯಲಿ. ಹೇಗೆ ಹತ್ತಿ ಹೋದ, ಯಾತರಿಂದ ಬಡಿದ, ಸಪ್ಪಳ ಹೇಗಿತ್ತು, ಎಲ್ಲಿವರೆಗೆ ಕೇಳಿತು. ಅವರೂರ ಮಾತಿನಲ್ಲೇ ಬರೆಯಲಿ, ನೀವು ತಿದ್ದಬೇಡಿ, ಇಲ್ಲಿ ನಾವೂ ತಿದ್ದುವುದಿಲ್ಲ. ಯುಗಾದಿಯೊಳಗೆ ಬಂದರೆ ಮಕ್ಕಳ ಪುಟದಲ್ಲಿ ಹಾಕುತ್ತೇವೆ. ಗೌರವಧನ ಸ್ವಲ್ಪವೇ, ಆದರೆ ಮನಿಯಾರ್ಡರ್ ಅವನ ಹೆಸರಿಗೇ ಬರುತ್ತದೆ.

– ಸಂ.